ಕಣ್ಣಿಗೆ ಬಟ್ಟೆ ಕಟ್ಟಿ, ಆಮೇಲೆ ಹಾಡು ಕೇಳಿ!

ಹೀರೋ ವಿಷಯಕ್ಕೆ ಕೋಲಾರದ ಹುಡುಗರೂ ಮಾಲೂರಿನ ಹುಡುಗರೂ ಕಿತ್ತಾಡೋದು ಹಳೇ ಕಥೆ. ಈಗಿನ ಜಗಳ ಸ್ಪೀಕರಿನದು! "ನಂದು ಸಾವಿರ ವ್ಯಾಟು ಕಣೋ, ಡಬ್ಬದ ಮೇಲೇ ಬರೆದಿದೆ" ಅಂತ ಒಬ್ಬ. "ಡಬ್ಬ ಹಾಡುತ್ತೇನೋ? ಎದೆಗೆ ಬಂದು ಗುದ್ದಬೇಕು, ಅದು ಸೌಂಡು" ಅಂತ ಇನ್ನೊಬ್ಬ. ಮುಳಬಾಗಿಲು ದೋಸೆ ತಟ್ಟೆಯಲ್ಲೇ ಆರಿ ತಣ್ಣಗಾದರೂ ವಾದ ಮುಗಿಯೋಲ್ಲ. ಮಾರ್ಕೆಟ್ಟಿನಲ್ಲಿ ಟೊಮೇಟೊ ಬಾಕ್ಸ್ ಹೊತ್ತು, ಇಟ್ಟಿಗೆ ಗೂಡಿನಲ್ಲಿ ಬೆವರು ಸುರಿಸಿ ಕೂಡಿಟ್ಟ ದುಡ್ಡು ಸ್ವಾಮಿ ಇದು. ಅದಕ್ಕೇ ಈ ವಾರ ನಟಿಮಣಿಯರ ಸಮಾಚಾರ ಕೊಂಚ ಪಕ್ಕಕ್ಕಿರಲಿ.

ಮೊದಲು ವ್ಯಾಟಿನ ಭೂತ ಬಿಡಿಸೋಣ. 50 ವ್ಯಾಟು 100 ಆದರೆ ಸದ್ದು ಎರಡರಷ್ಟಾಗುತ್ತೆ ಅಂದುಕೊಂಡಿದ್ದೀರಾ? ಏರೋದು ಬರೀ 3 ಡೆಸಿಬಲ್! ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ 500 ವ್ಯಾಟು ಬೇಕು. ಇನ್ನು 1990ರ ದಶಕದಲ್ಲಿ ಟೇಪ್ ರೆಕಾರ್ಡರ್ ಡಬ್ಬಗಳ ಮೇಲೆ ಮೆರೆದ ಪಿ.ಎಂ.ಪಿ.ಓ. ಎಂಬ ಮಹಾನುಭಾವ... ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ಶಕ್ತಿಯ ಲೆಕ್ಕ ಅದು. ಅದನ್ನು ಹೇಗೆ ಅಳೆಯಬೇಕು ಅನ್ನೋದಕ್ಕೇ ಎಲ್ಲರೂ ಒಪ್ಪಿದ ನಿಯಮ ಇರಲಿಲ್ಲ. ನೀವು ಕೇಳಬೇಕಾದದ್ದು ಆರ್.ಎಂ.ಎಸ್. ಎಷ್ಟು ಅಂತ, ಜೊತೆಗೆ ಸ್ಪೀಕರಿನ ಸೆನ್ಸಿಟಿವಿಟಿ ಎಷ್ಟು ಅಂತ. 92 ಡೆಸಿಬಲ್ ಸ್ಪೀಕರಿಗೆ 25 ವ್ಯಾಟು ಕೊಟ್ಟರೂ ಒಂದೇ, 86 ಡೆಸಿಬಲ್ ಸ್ಪೀಕರಿಗೆ 100 ವ್ಯಾಟು ಕೊಟ್ಟರೂ ಒಂದೇ. ಅಂಗಡಿಯವನಿಗೆ ಈ ಪ್ರಶ್ನೆ ಹಾಕಿ ಅವನ ಮುಖ ನೋಡಿ, ಅದೇ ಒಂದು ಕಾಮಿಡಿ ಸೀನು!

"ಹಾಗಾದರೆ ಕಿವಿಯನ್ನೇ ನಂಬ್ತೀನಿ ಬಿಡಿ" ಅಂತೀರಾ? ನಿಲ್ಲಿ. ಎರಡು ಸೆಟ್ಟುಗಳಲ್ಲಿ ಒಂದರ ಸದ್ದು ಒಂದೇ ಒಂದು ಡೆಸಿಬಲ್ ಹೆಚ್ಚಿದ್ದರೂ "ಜೋರಾಗಿದೆ" ಅಂತ ನಿಮಗೆ ಅನ್ನಿಸೋಲ್ಲ, "ಚೆನ್ನಾಗಿದೆ" ಅಂತಲೇ ಅನ್ನಿಸುತ್ತೆ. ಮಾರಬೇಕಾದ ಸೆಟ್ಟಿನ ವಾಲ್ಯೂಮನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರೆ ನಿಮ್ಮ ಜೇಬು ಖಾಲಿ. ಅದಕ್ಕಿಂತ ದೊಡ್ಡ ಮೋಸಗಾರ ಕಣ್ಣು. 1994ರಲ್ಲಿ ಅಮೆರಿಕದ ಹಾರ್ಮನ್ ಕಂಪನಿಯಲ್ಲಿ ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಎಂಬಿಬ್ಬರು ತಮ್ಮ ನೌಕರರಿಗೇ ಪರೀಕ್ಷೆ ಇಟ್ಟರು. ಸ್ಪೀಕರುಗಳು ಕಣ್ಣೆದುರು ಇದ್ದಾಗ ದೊಡ್ಡ, ದುಬಾರಿ ಪೆಟ್ಟಿಗೆಗಳಿಗೆ ಭರ್ಜರಿ ಅಂಕ. ಪುಟ್ಟ, ಅಗ್ಗದ ಸೆಟ್ಟಿಗೆ ತಾತ್ಸಾರ. ಪರದೆ ಎಳೆದು ಅವೇ ಸ್ಪೀಕರುಗಳನ್ನು ಕೇಳಿಸಿದಾಗ ಆ ಬಡಪಾಯಿ ದೊಡ್ಡವರಿಗೆ ಸರಿಸಮನಾಗಿ ನಿಂತಿತು! ಇನ್ನೂ ಮಜಾ ಏನೆಂದರೆ, ಪರದೆ ಹಿಂದೆ ಜನ ಹೆಚ್ಚಾಗಿ ಮೆಚ್ಚೋದು ಅಳತೆಯಲ್ಲೂ ಏರುಪೇರಿಲ್ಲದೆ ನೇರವಾಗಿ ಬರುವ ಸ್ಪೀಕರನ್ನೇ ಅಂತ ಟೂಲ್ ಅವರ ಅದಕ್ಕೂ ಹಿಂದಿನ ಪರೀಕ್ಷೆಗಳು ತೋರಿಸಿದ್ದವು. ಕಣ್ಣು ನಡುವೆ ಬಾಯಿ ಹಾಕದಿದ್ದರೆ ಕಿವಿಗೂ ಮೀಟರಿಗೂ ಅಂಥಾ ಜಗಳವೇ ಇಲ್ಲ.

ಹಾಗಂತ ಮೀಟರ್ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ನಮ್ಮ ಹಳ್ಳಿ ಡೈರಿಯನ್ನೇ ನೋಡಿ. ಹಾಲಿನ ಕೆನೆ ತೆಗೆದರೆ ಲ್ಯಾಕ್ಟೋಮೀಟರಿನ ಡಿಗ್ರಿ ಏರುತ್ತೆ, ನೀರು ಬೆರೆಸಿದರೆ ಇಳಿಯುತ್ತೆ. ಎರಡನ್ನೂ ಲೆಕ್ಕ ಹಾಕಿ ಮಾಡಿದವನ ಹಾಲು ಡಿಗ್ರಿಯಲ್ಲಿ ಪಾಸು! ಅದಕ್ಕೇ ಫ್ಯಾಟು ಬೇರೆಯಾಗಿ ನೋಡೋದು. 1960ರ ದಶಕದ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳದೂ ಇದೇ ಹಣೆಬರಹ. ಫುಲ್ ಪವರಿನಲ್ಲಿ ಅಳೆದರೆ ಡಿಸ್ಟಾರ್ಷನ್ ಅತ್ಯಲ್ಪ. ಮನೆಯಲ್ಲಿ ಮೆಲ್ಲಗೆ ಹಾಕಿದರೆ ಹಾಡೆಲ್ಲ ಒರಟು. ಅಲೆಯ ಮೇಲರ್ಧ ಒಂದು ಟ್ರಾನ್ಸಿಸ್ಟರಿನ ಪಾಲು, ಕೆಳಗಿನರ್ಧ ಇನ್ನೊಂದರ ಪಾಲು. ಕೈ ಬದಲಾಗುವ ಜಾಗದಲ್ಲಿ ಒಂದು ಕೊಂಕು. ಸದ್ದು ಜೋರಿದ್ದಾಗ ಅದು ಮುಚ್ಚಿಹೋಗುತ್ತೆ, ಮೆಲ್ಲಗಿದ್ದಾಗ ಚುಚ್ಚುತ್ತೆ. ಮೊದಲು ದೂರು ಕೊಟ್ಟಿದ್ದು ಕೇಳುಗರ ಕಿವಿ. ಆಮೇಲೆ ಎಂಜಿನಿಯರುಗಳು ಸಣ್ಣ ಸದ್ದಿನಲ್ಲೂ ಅಳೆದು ಕಳ್ಳನನ್ನು ಹಿಡಿದರು.

ಥಿಯೇಟರಿನವರೂ ಮೈಕು ಇಟ್ಟು, ಮಳೆ ಸುರಿದಂಥ ಸದ್ದು ಹಾಕಿ, ಅಳೆದು ಸರಿಮಾಡುತ್ತಾರೆ. ಆದರೆ ಅದು ಖಾಲಿ ಹಾಲಿನಲ್ಲಿ! ಹೌಸ್‌ಫುಲ್ ಆದಾಗ ನಮ್ಮ ನಿಮ್ಮ ಮೈ, ಬಟ್ಟೆಯೇ ಹೆಚ್ಚು ಕಂಪನದ ಶಬ್ದವನ್ನು ನುಂಗಿಬಿಡುತ್ತೆ. ಹೀರೋ ಎಂಟ್ರಿಗೆ ಎದೆ ನಡುಗಿ, ಡೈಲಾಗಿನಲ್ಲಿ 'ಸ' ಯಾವುದು 'ತ' ಯಾವುದು ತಿಳಿಯದಿದ್ದರೆ ಆ ಸೌಂಡನ್ನು ಯಾವ ಅಭಿಮಾನಿ ಹೊಗಳಿದರೂ ನಾನಂತೂ ಒಪ್ಪೋಲ್ಲ.

ಸೆಟ್ಟು ಕೊಳ್ಳೋಕೆ ಹೊರಟವರು ಇಷ್ಟು ಮಾಡಿ. ಬಾಯಿಪಾಠ ಇರೋ ಹಾಡೊಂದನ್ನು ಒಯ್ಯಿರಿ, 1987ರ 'ಪ್ರೇಮಲೋಕ'ದ್ದಾದರೂ ಸರಿ. ಫೋನಿನ ಡೆಸಿಬಲ್ ಆ್ಯಪಿನಲ್ಲಿ ಎರಡೂ ಸೆಟ್ಟಿನ ಸದ್ದನ್ನು ಸಮ ಮಾಡಿ. ನೀವು ಬೆನ್ನು ತಿರುಗಿಸಿ ಕೂತ್ಕೊಳ್ಳಿ, ಗೆಳೆಯ ನಾಣ್ಯ ಚಿಮ್ಮಿ, ಬಿದ್ದ ಪ್ರಕಾರ 10 ಸಲ ಹಾಕಲಿ. ಯಾವುದು ಯಾವುದು ಅಂತ ನೀವು ಹೇಳಿ. ಬರೀ ಊಹೆಯ ಮೇಲೆ 9 ಅಥವಾ 10 ಸರಿ ಬರೋ ಸಂಭವ ನೂರಕ್ಕೆ ಒಂದು. ಅಷ್ಟು ಬಂದರೆ ವ್ಯತ್ಯಾಸ ನಿಜವಾಗಿಯೂ ಇದೆ; ಮೆಚ್ಚಿದ್ದನ್ನು ಕೊಳ್ಳಿ. ಐದೋ ಆರೋ ಬಂದರೆ ಕಡಿಮೆ ಬೆಲೆಯದನ್ನೇ ಕಟ್ಟಿಸಿಕೊಂಡು, ಉಳಿದ ದುಡ್ಡಿಗೆ ಶ್ರೀನಿವಾಸಪುರದ ಮಾವಿನಹಣ್ಣು ತಿನ್ನಿ. "ಇಲ್ಲಿ ಹಾಗೆಲ್ಲ ಆಗೋಲ್ಲ, ಹೋಗ್ರೀ" ಅಂತ ಅಂಗಡಿಯವನು ಗದರಿದರೆ ಗದರಲಿ, ಬಸ್ ಸ್ಟ್ಯಾಂಡೇನು ದೂರವಿಲ್ಲವಲ್ಲ!