ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಯಂತ್ರವೊಂದು ಕೆಟ್ಟು ನಿಂತಾಗ ಇಂದು ನಮಗೆ ಮೊದಲು ನೆನಪಾಗುವುದು ಅಂಗಡಿ. ಬ್ಯಾಟರಿ ಬದಲಿಸಿ ನೋಡುತ್ತೇವೆ. ಆಗದಿದ್ದರೆ ಮೋಟಾರು ಬದಲಿಸುತ್ತೇವೆ. ಅದೂ ಆಗದಿದ್ದರೆ ಯಂತ್ರವನ್ನೇ ಬದಲಿಸುವ ಮಾತಾಡುತ್ತೇವೆ. ಇದನ್ನು ದುರಸ್ತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ದೋಷವನ್ನು ಹುಡುಕುವುದು ಊಹೆಯ ಕೆಲಸವಲ್ಲ, ಅಳತೆಯ ಕೆಲಸ. ಈ ನನ್ನ ಅಭಿಪ್ರಾಯಕ್ಕೆ ಹಾಯಿದೋಣಿಯೊಂದರ ಎಂಜಿನ್ನನ್ನು ಸಾಕ್ಷಿಯಾಗಿ ಕರೆಯುತ್ತೇನೆ.

ಹಾಯಿದೋಣಿಗೆ ಎಂಜಿನ್ ಏಕೆ ಎಂದು ನೀವು ಕೇಳಬಹುದು. ಗಾಳಿ ಬಿದ್ದುಹೋದಾಗ, ಇಕ್ಕಟ್ಟಾದ ಬಂದರನ್ನು ಹೊಗುವಾಗ, ಎದುರಿಗೆ ದೊಡ್ಡ ಹಡಗು ಬರುತ್ತಿರುವಾಗ ದೋಣಿಯನ್ನು ಕಾಯುವುದು ಆ ಪುಟ್ಟ ಡೀಸೆಲ್ ಎಂಜಿನ್ನೇ. ಅಮೆರಿಕದ ಚೆಸಪೀಕ್ ಕೊಲ್ಲಿಯ ತೀರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಳೆಯ ದೋಣಿಯೊಂದನ್ನು ಕೊಂಡಿದ್ದಾನೆ. ಚಳಿಗಾಲದಲ್ಲಿ ದೋಣಿ ದಡದ ಮೇಲಿದ್ದಾಗ ಅದರ ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಜೋಡಿಸಿದ. ವಸಂತದಲ್ಲಿ ಗುಂಡಿ ಒತ್ತಿದರೆ ‘ಟಕ್’ ಎಂಬ ಒಂದೇ ಸದ್ದು, ಎಂಜಿನ್ ತಿರುಗಲಿಲ್ಲ. ಹೊಸ ಬ್ಯಾಟರಿ ತಂದ, ಅದೇ ‘ಟಕ್’. ಹೊಸ ಸ್ಟಾರ್ಟರ್ ಮೋಟಾರಿಗೆ ಹಣ ಕಟ್ಟುವ ಮೊದಲು ಫೋನು ಮಾಡಿದ. “ಸರ್, ಮೀಟರಿನಲ್ಲಿ ಎಲ್ಲ ಕಡೆಯೂ 12.6 ವೋಲ್ಟ್ ತೋರಿಸುತ್ತಿದೆ. ತಂತಿಗಳದ್ದೇನೂ ತಪ್ಪಿಲ್ಲ” ಎಂದ. “ಅಳೆದದ್ದು ಗುಂಡಿ ಒತ್ತಿದಾಗಲೋ, ಒತ್ತದಿದ್ದಾಗಲೋ?” ಎಂದು ಕೇಳಿದೆ. ಆ ಕಡೆಯಿಂದ ಉತ್ತರ ಬರಲಿಲ್ಲ.

ವಿಷಯವಿರುವುದು ಅಲ್ಲಿಯೇ. ಮಲ್ಟಿಮೀಟರ್ ತನ್ನ ಮೂಲಕ ಹರಿಯಗೊಡುವ ಪ್ರವಾಹ ಇಲ್ಲವೆನ್ನುವಷ್ಟು ಅಲ್ಪ. ಪ್ರವಾಹವೇ ಇಲ್ಲದಾಗ ಕೆಟ್ಟ ಜೋಡಣೆಯೂ ಒಳ್ಳೆಯ ಜೋಡಣೆಯಂತೆಯೇ ಕಾಣುತ್ತದೆ. ಸ್ಟಾರ್ಟರ್ ಮೋಟಾರು ಬೇಡುವುದು ನೂರಾರು ಆಂಪಿಯರ್. ಲೆಕ್ಕದ ಸೌಲಭ್ಯಕ್ಕಾಗಿ 200 ಆಂಪಿಯರ್ ಎಂದಿಟ್ಟುಕೊಳ್ಳೋಣ. ದಾರಿಯಲ್ಲೆಲ್ಲೋ ಕೇವಲ 0.02 ಓಮ್ ರೋಧವಿದ್ದರೂ 200 ಗುಣಿಸು 0.02, ಅಂದರೆ 4 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. 12 ವೋಲ್ಟಿನ ವ್ಯವಸ್ಥೆಯಲ್ಲಿ ಇದು ಮೂರನೆಯ ಒಂದು ಪಾಲು. ಪಾಠಪುಸ್ತಕದ V = IR ಎಂಬ ಸೂತ್ರದ ನಿಜವಾದ ಮುಖ ಇದು.

ಆದ್ದರಿಂದ ಗುಂಡಿ ಒತ್ತಿಹಿಡಿದಿರುವಾಗಲೇ ಅಳೆಯಬೇಕು. ಬ್ಯಾಟರಿಯ ಧನ ತುದಿಯಿಂದ ಮೋಟಾರಿನವರೆಗೆ ಒಮ್ಮೆ, ಎಂಜಿನ್ನಿನ ಲೋಹದಿಂದ ಬ್ಯಾಟರಿಯ ಋಣ ತುದಿಯವರೆಗೆ ಇನ್ನೊಮ್ಮೆ. ಒಂದೊಂದು ಕಡೆಯೂ ಕಳೆಯುವ ವೋಲ್ಟು ಸಾಮಾನ್ಯವಾಗಿ ಅರ್ಧವನ್ನು ದಾಟಬಾರದು. ಅವನು ಎರಡನೆಯ ಕಡೆ ಅಳೆದಾಗ ಬಂದದ್ದು ಸುಮಾರು 7. ಹೊಸ ಬಣ್ಣ ಬಳಿದ ಲೋಹದ ಮೇಲೆ, ಬಣ್ಣವನ್ನು ಕೆರೆಯದೆಯೇ, ಋಣ ತಂತಿಯನ್ನು ಬೋಲ್ಟು ಬಿಗಿದು ಕೂರಿಸಿದ್ದ. ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ ಮತ್ತೆ ಬಿಗಿದ. ಎಂಜಿನ್ ಹೊರಳಿತು, ಹೊತ್ತಿಕೊಂಡಿತು. ಮೊದಲಿನ ಬ್ಯಾಟರಿಗೆ ಏನೂ ಆಗಿರಲಿಲ್ಲ. ಮೋಟಾರಿಗೂ ಅಷ್ಟೆ.

ದೋಣಿ ಇರುವವರಿಗೆ ಇನ್ನೂ ಕೆಲವು ಮಾತುಗಳು. ಎಂಜಿನ್ ತಿರುಗದಿರುವುದು ಬೇರೆ, ತಿರುಗಿಯೂ ಹೊತ್ತಿಕೊಳ್ಳದಿರುವುದು ಬೇರೆ. ಮೊದಲನೆಯದಕ್ಕೆ ಹೆಚ್ಚಾಗಿ ವಿದ್ಯುತ್ತು ಕಾರಣ. ಎರಡನೆಯದಕ್ಕೆ ಡೀಸೆಲ್ಲು, ಅದರೊಳಗೆ ಸೇರಿದ ಗಾಳಿ, ಅಥವಾ ಡೀಸೆಲ್ಲನ್ನು ತಡೆಯುವ ವಿದ್ಯುತ್ ಕವಾಟಕ್ಕೆ ತಂತಿ ಕೊಡಲು ಮರೆತಿರುವುದು. ಹೊತ್ತಿಕೊಳ್ಳದ ಎಂಜಿನ್ನನ್ನು ಪದೇ ಪದೇ ತಿರುಗಿಸುವುದಾದರೆ ತಂಪಿಗಾಗಿ ಸಮುದ್ರದ ನೀರನ್ನು ಒಳಬಿಡುವ ಕವಾಟವನ್ನು ಮುಚ್ಚಿರಬೇಕು. ಹೊಗೆಯ ಒತ್ತಡವಿಲ್ಲದೆ ಆ ನೀರು ಹೊರಹೋಗಲಾರದು. ಸೈಲೆನ್ಸರಿನಲ್ಲಿ ತುಂಬಿ ಸಿಲಿಂಡರಿಗೇ ಹಿಂದಿರುಗಿ ಎಂಜಿನ್ನನ್ನು ಹಾಳುಗೆಡವಬಲ್ಲದು. ಹೊತ್ತಿಕೊಂಡ ಕೂಡಲೇ ಕವಾಟವನ್ನು ಮರೆಯದೆ ತೆರೆಯಬೇಕು. ಎಲ್ಲಕ್ಕಿಂತ ಮೊದಲು, ಹಳೆಯ ತಂತಿಯನ್ನು ಕೀಳುವ ಮುನ್ನ ಚೀಟಿ ಅಂಟಿಸಿ ನಕ್ಷೆ ಬರೆದಿಟ್ಟುಕೊಳ್ಳಬೇಕು.

“ಇಷ್ಟೆಲ್ಲ ಏಕೆ ಸರ್, ಸಮಯಕ್ಕೂ ಬೆಲೆಯಿದೆ, ಹೊಸದನ್ನು ಹಾಕಿದರಾಯಿತು” ಎನ್ನುವವರಿದ್ದಾರೆ. ಊರೊಳಗೆ ಆ ಮಾತು ನಡೆದೀತು. ಕತ್ತಲಾಗುತ್ತಿರುವ ನೀರಿನ ನಡುವೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ದೋಣಿಯಲ್ಲಿ, ಯಾವ ಅಂಗಡಿ ತೆರೆದಿರುತ್ತದೆ? ಅಲ್ಲಿ ಕೈಹಿಡಿಯುವುದು ಒಂದು ಮೀಟರು, ಒಂದು ನಕ್ಷೆ, ಕ್ರಮವಾಗಿ ಯೋಚಿಸುವ ಅಭ್ಯಾಸ.

ಆ ಅಭ್ಯಾಸವನ್ನು ಕಲಿಸಬೇಕಾದದ್ದು ಶಾಲೆ. ಓಮ್‌ನ ನಿಯಮವನ್ನು ಲೋಕಕ್ಕೆ ಕೊಟ್ಟ ಗೇಯಾರ್ಗ್ ಓಮ್ ಕೂಡ ಜರ್ಮನಿಯ ಕಲೋನ್ ನಗರದಲ್ಲಿ ಮಕ್ಕಳಿಗೆ ಗಣಿತ, ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. ಶಾಲೆಯ ಉಪಕರಣಗಳಿಂದಲೇ ಪ್ರಯೋಗ ನಡೆಸಿ 1827ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ. ಸ್ವದೇಶದ ವಿದ್ವಾಂಸರು ಅದನ್ನು ಆದರದಿಂದ ಕಾಣಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವನ್ನು ನೀಡಿ ಗೌರವಿಸಿತು. ಅಂತಹವನ ನಿಯಮ ನಮ್ಮ ಪ್ರಯೋಗಾಲಯಗಳಲ್ಲಿ ಏನಾಗಿದೆ? ಉತ್ತರ ಮೊದಲೇ ಗೊತ್ತಿರುವ ಪ್ರಯೋಗ, ಗೆರೆ ನೇರವಾಗಿ ಬರಲೆಂದು ತಿದ್ದಿದ ಅಂಕಿಗಳು, ಪೂರ್ಣ ಅಂಕ!

ನನ್ನ ಸಲಹೆ ಸರಳವಾದುದು. ಹತ್ತನೆಯ ತರಗತಿಯ ಮಕ್ಕಳ ಮುಂದೆ ಒಂದು ಕೆಟ್ಟ ಮಂಡಲವನ್ನಿಡಿ: ಒಂದು ಬಲ್ಬು, ಒಂದು ಶುಷ್ಕಕೋಶ, ತುಕ್ಕು ಹಿಡಿದ ಒಂದು ಜೋಡಣೆ. “ಬಲ್ಬು ಏಕೆ ಮಂಕಾಗಿದೆ, ಕಂಡುಹಿಡಿಯಿರಿ” ಎನ್ನಿ. ಬಲ್ಬು ಬೆಳಗಿದ್ದಕ್ಕೆ ಅಂಕ ಕೊಡಬೇಡಿ. ಯಾವ ಕ್ರಮದಲ್ಲಿ ಅಳೆದರು, ಯಾವುದನ್ನು ಏಕೆ ತಳ್ಳಿಹಾಕಿದರು ಎಂಬುದಕ್ಕೆ ಕೊಡಿ. ಹಾಗೆ ಕಲಿತ ಮಗು ಮುಂದೆ ವೈದ್ಯನಾಗಲಿ, ಲೆಕ್ಕಿಗನಾಗಲಿ, ರೈತನಾಗಲಿ, ಜ್ವರ ಎತ್ತಿಗೆ ಬಂದಿದೆಯೋ ಎಮ್ಮೆಗೆ ಬಂದಿದೆಯೋ ಎಂದು ಮೊದಲು ಮುಟ್ಟಿ ನೋಡುತ್ತದೆ. ನಿಮ್ಮಲ್ಲಿ ಈಗ ಅಧ್ಯಾಪಕರಾಗಿರುವವರು ಇದನ್ನು ಒಮ್ಮೆ ಮಾಡಿ ನೋಡಿ, ಏನಾಯಿತೆಂದು ನನಗೆ ಬರೆಯಿರಿ.