ದಮ್ ಎಳೆದವನಿಗೆ ಜೈಲೇ ಮದ್ದಾ?

ಮೊನ್ನೆ ಬಸ್ ಸ್ಟ್ಯಾಂಡ್ ಕ್ಯಾಂಟೀನಿನಲ್ಲಿ ಬೈಟೂ ಕಾಫಿ ಮುಗಿಯುವಷ್ಟರಲ್ಲಿ ದೊಡ್ಡ ಜಗಳವೇ ಆಗಿಹೋಯಿತು. ವಿಷಯ: ಗಾಂಜಾ! 'ಕೆನಡಾದಲ್ಲಿ 2018ರಿಂದ ಅಂಗಡೀಲೇ ಮಾರ್ತಾರೆ, ನಮಗೇನು ರೋಗ?' ಅಂತ ಒಬ್ಬ. 'ಸೇದೋರನ್ನೆಲ್ಲ ಒಳಗೆ ಹಾಕ್ಬೇಕು ಕಣಯ್ಯಾ' ಅಂತ ಇನ್ನೊಬ್ಬ. ಇಬ್ಬರೂ ನನ್ನ ಕಡೆ ತಿರುಗಿ, 'ನೀವು ಪತ್ರಿಕೆಯೋರು, ಹೇಳಿ ಸಾರ್' ಅಂದರು. ಅಷ್ಟರಲ್ಲಿ ಬಸ್ ಬಂತು, ಬಚಾವಾದೆ. ಈಗ ಹೇಳ್ತೀನಿ, ಕೇಳಿ.

ನಮ್ಮ ಸಿನಿಮಾ ಮಂದಿಗೆ ಗಾಂಜಾ ಎಂದರೆ 1971ರ 'ಹರೇ ರಾಮ ಹರೇ ಕೃಷ್ಣ'. ಅರೆಗಣ್ಣಿನಲ್ಲಿ ದಮ್ ಎಳೆಯುವ ಜೀನತ್ ಅಮಾನ್! ಆಶಾ ಭೋಸ್ಲೆ ಹಾಡಿದ ಆ ಹಾಡು ಇವತ್ತಿಗೂ ಹಳೆಯದಾಗಿಲ್ಲ. ಆದರೆ ದೇವ್ ಆನಂದ್ ಆ ಚಿತ್ರ ತೆಗೆದದ್ದು ಗಾಂಜಾದ ಜಾಹೀರಾತಿಗಲ್ಲ ಸ್ವಾಮಿ. ಕೊನೆಯಲ್ಲಿ ಆ ತಂಗಿ ಪ್ರಾಣವನ್ನೇ ಕಳೆದುಕೊಳ್ಳುತ್ತಾಳೆ. ನಮಗೆ ಹಾಡು ನೆನಪಿದೆ, ಕ್ಲೈಮ್ಯಾಕ್ಸ್ ಮರೆತುಹೋಗಿದೆ!

ಆ ಕಾಲದಲ್ಲಿ ಹಲವು ರಾಜ್ಯಗಳಲ್ಲಿ ಸರ್ಕಾರಿ ಲೈಸೆನ್ಸಿನ ಅಂಗಡಿಯಲ್ಲೇ ಗಾಂಜಾ ಸಿಗುತ್ತಿತ್ತು. ದೇಶಕ್ಕೆಲ್ಲ ಬಿಗಿ ಕಾನೂನು, ಅಂದರೆ ಎನ್‌ಡಿಪಿಎಸ್ ಕಾಯ್ದೆ, ಜಾರಿಗೆ ಬಂದದ್ದು 1985ರ ನವೆಂಬರಿನಲ್ಲಿ. ಅದರಲ್ಲೊಂದು ತಮಾಷೆ ಇದೆ. ಗಿಡದ ಹೂವಿನ ತೆನೆ ಗಾಂಜಾ, ಅಪರಾಧ. ಬರೀ ಎಲೆ, ಬೀಜ ಗಾಂಜಾ ಅಲ್ಲ! ಅದಕ್ಕೇ ರಾಜಸ್ಥಾನದಲ್ಲಿ ಎಲೆ ಅರೆದ ಭಂಗಿಗೆ ಇವತ್ತೂ ಲೈಸೆನ್ಸ್ ಅಂಗಡಿಗಳಿವೆ. ನಮ್ಮ ದಿನಪತ್ರಿಕೆಗಳು ಮಾತ್ರ 'ಗಾಂಜಾ ಸೊಪ್ಪು ವಶ' ಅಂತ ಬರೀತಾನೇ ಇರ್ತಾವೆ, ಇರಲಿ ಬಿಡಿ.

ಒಂದು ಕೆಜಿಯವರೆಗೆ ಸಿಕ್ಕರೆ 'ಅಲ್ಪ ಪ್ರಮಾಣ': ಒಂದು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಜೇಬಿನಲ್ಲಿ ಒಂದು ಪೊಟ್ಟಣ ಇಟ್ಟುಕೊಂಡ ಕಾಲೇಜು ಹುಡುಗನಿಗೂ ಇದೇ ಕಲಂ. ಏನೂ ಇಲ್ಲದವನ ಗತಿ? ಶಾರುಖ್ ಮಗ ಆರ್ಯನ್ ಖಾನ್ 2021ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಾಗ ಅವನ ಬಳಿ ಮಾದಕ ವಸ್ತುವೇ ಸಿಗಲಿಲ್ಲ. ಆದರೂ ನಾಲ್ಕು ವಾರ ಒಳಗಿದ್ದ. 2022ರ ಮೇ ತಿಂಗಳಲ್ಲಿ ಚಾರ್ಜ್‌ಶೀಟಿನಲ್ಲಿ ಅವನ ಹೆಸರೇ ಇರಲಿಲ್ಲ! ಅವನಿಗೆ ದೊಡ್ಡ ದೊಡ್ಡ ವಕೀಲರಿದ್ದರು. ನಿಮಗೆ, ನನಗೆ?

ಹಾಗಂತ ಅಂಗಡಿ ತೆರೆದುಬಿಡಿ ಎನ್ನುವವನೂ ನಾನಲ್ಲ. ಥಾಯ್ಲೆಂಡ್ 2022ರಲ್ಲಿ ಬಾಗಿಲು ತೆಗೆಯಿತು. ಬೀದಿಬೀದಿಗೆ ಅಂಗಡಿ ಎದ್ದವು. 2025ರಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಮಾರಬೇಡಿ ಅಂತ ಹಿಂದೆ ಸರಿಯಿತು. ನನಗೆ ಹಿಡಿಸಿದ್ದು ಪೋರ್ಚುಗಲ್ ದಾರಿ. ಅಲ್ಲಿ 2001ರಿಂದ ಸ್ವಂತಕ್ಕೆ ಅಂತ ಸ್ವಲ್ಪ ಇಟ್ಟುಕೊಂಡವನು, ಅದು ಹೆರಾಯಿನ್ನೇ ಆಗಲಿ, ಕೋರ್ಟಿಗೆ ಹೋಗುವುದಿಲ್ಲ. ಅವನನ್ನು ಒಂದು ಸಮಿತಿ ಕರೆಸಿ ಮಾತಾಡಿಸುತ್ತದೆ, ಬೇಕಾದರೆ ಚಿಕಿತ್ಸೆಗೆ ಕಳಿಸುತ್ತದೆ. ಮಾರುವವನಿಗೆ ಮಾತ್ರ ಜೈಲು ತಪ್ಪಿದ್ದಲ್ಲ.

ಯಾಕೆ ಹಿಡಿಸಿತು ಗೊತ್ತಾ? ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನೊಬ್ಬನಿದ್ದ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಅವನು ಹಾಡಿದರೆ ಸಿಳ್ಳೆಯೋ ಸಿಳ್ಳೆ! ತಮಾಷೆಗೆ ಶುರುವಾದ ಗಾಂಜಾ ದಿನಾ ಬೇಕಾಯಿತು. ಆಮೇಲೆ 'ಯಾರೋ ಹಿಂದೆ ಬರ್ತಿದಾರೆ ಕಣೋ' ಎನ್ನತೊಡಗಿದ. ರಾತ್ರಿ ನಿದ್ದೆ ಇಲ್ಲ. 'ಡಾಕ್ಟರ ಹತ್ರ ಕರ್ಕೊಂಡು ಹೋಗೋಣಮ್ಮಾ' ಅಂದರೆ ಅವನ ತಾಯಿ ಬಾಗಿಲು ಹಾಕಿಕೊಂಡು, 'ಬೇಡಪ್ಪಾ, ಪೊಲೀಸಿಗೆ ಗೊತ್ತಾದ್ರೆ ಎಳ್ಕೊಂಡ್ಹೋಗ್ತಾರೆ' ಎಂದು ಅತ್ತರು. ಹಾಗೇ ಒಂದೂವರೆ ವರ್ಷ ಕಳೆದುಹೋಯಿತು.

ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಚಟಕ್ಕೆ ಬಿದ್ದವನು ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕರೂ, ತಾನಾಗಿ ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪೂರ್ತಿ ಮಾಡಿದರೆ ಆ ಕೇಸಿನಿಂದ ರಕ್ಷಣೆ ಉಂಟು. ಆ ತಾಯಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ದೊಡ್ಡ ಪತ್ರಕರ್ತ!

ಈಗ ಅವನು ಮಾತ್ರೆ ನುಂಗ್ತಾನೆ, ಅಣ್ಣನ ಅಂಗಡಿಯಲ್ಲಿ ಕೂರುತ್ತಾನೆ. ಹಾಡೋದಿಲ್ಲ. ಹೋದ ವಾರ ಸಿಕ್ಕಾಗ, 'ಶುಕ್ರವಾರ ಯಾವ ಪಿಕ್ಚರೋ?' ಅಂದ. ಎಷ್ಟೋ ವರ್ಷದ ಮೇಲೆ ಕೇಳಿದ್ದು. ಎರಡು ಟಿಕೆಟ್ ತೆಗೆದಿಟ್ಟಿದ್ದೇನೆ.