ಅನಿಲವಿರುವೆಡೆ ಗಡಿಯಾರವೇಕೆ?

ಕಾಕನಕೋಟೆಯೆಂದೊಡನೆ ನಮ್ಮ ಜನರ ಕಣ್ಣ ಮುಂದೆ ನಿಲ್ಲುವುದು ಆನೆ. ಮೈಸೂರು ಅರಸರ ಕಾಲದಲ್ಲಿ ಖೆಡ್ಡಾಗಳಿಂದ ಪ್ರಸಿದ್ಧವಾಗಿದ್ದ ಆ ಕಾಡಿನಲ್ಲಿ ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಕಬಿನಿ ಅಣೆಕಟ್ಟಿನ ಹಿನ್ನೀರು ಕಾಡಿನ ತಗ್ಗು ಪ್ರದೇಶವನ್ನು ಮುಚ್ಚಿತು. ಆದರೆ ನಾವೀಗ ಬರೆಯಹೊರಟಿರುವುದು ಆನೆಯ ವಿಷಯವಲ್ಲ. ಆ ಕಾಡಿನ ಅಂಚಿನ ಗ್ರಾಮವೊಂದರಲ್ಲಿ, ದನದ ಕೊಟ್ಟಿಗೆಗೆ ಹೊಂದಿಕೊಂಡ ತಗಡಿನ ಕೋಣೆಯ ಗೋಡೆಗೆ ಹೊಡೆದಿದ್ದ ಒಂದು ಪುಟ್ಟ ಗಡಿಯಾರದ ವಿಷಯ.

ಆ ಕೊಟ್ಟಿಗೆಯ ಯಜಮಾನರು ಹಲವು ಹಸುಗಳನ್ನು ಸಾಕಿದ್ದರು. ಸಗಣಿಯಿಂದ ಅನಿಲ ತೆಗೆಯುವ ದೊಡ್ಡ ಸ್ಥಾವರವೊಂದನ್ನು ಕಟ್ಟಿಸಿದ್ದರು. ಗುಂಡಿಯಲ್ಲಿನ ಬಗ್ಗಡವು ಕೆನೆಗಟ್ಟದಂತೆ ಅದನ್ನು ಆಗಾಗ ಕಲಕಬೇಕಷ್ಟೆ? ಅದಕ್ಕೊಂದು ಮೋಟಾರು, ಮೋಟಾರನ್ನು ನಾಲ್ಕು ಗಂಟೆಗೊಮ್ಮೆ ಕೆಲವು ನಿಮಿಷ ಓಡಿಸಿ ನಿಲ್ಲಿಸಲು ಒಂದು ಕಾಲಸೂಚಕ ಸ್ವಿಚ್ಚು, ಪೇಟೆಯ ಮಾತಿನಲ್ಲಿ 'ಟೈಮರ್'. ಮಳೆಗೆ ನೆನೆಯದಿರಲೆಂದು ಸ್ಥಾವರದ ಬಾಯಿ, ಅನಿಲದ ಕೊಳವೆ, ಕವಾಟ ಎಲ್ಲವನ್ನೂ ಸೇರಿಸಿ ತಗಡಿನ ಕೋಣೆ ಕಟ್ಟಿದ್ದರು. ಟೈಮರಿನ ಹಲಗೆಯೂ ಅದರೊಳಗೇ ಇದ್ದಿತು. ಅದನ್ನು ನೋಡಿ ನಾವು ಬಾಗಿಲಲ್ಲೇ ನಿಂತೆವು. ಯಜಮಾನರು ನಕ್ಕು, "ಭಯ ಬೇಡಿ ಮೇಷ್ಟ್ರೇ, ಇದು ಬರೀ 12 ವೋಲ್ಟು. ಕೈಲಿ ಹಿಡಿದರೂ ಹೊಡೆಯೋದಿಲ್ಲ" ಎಂದರು. ಕೂಡಿಸಿದ ವೈರ್‌ಮನ್ನನೂ ಅವರಿಗೆ ಹಾಗೆಯೇ ಹೇಳಿದ್ದನಂತೆ.

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. 12 ವೋಲ್ಟು ಮನುಷ್ಯನಿಗೆ ಹೊಡೆಯದು. ಆದರೆ ಮನುಷ್ಯನ ಚರ್ಮ ಕೇಳುವ ಪ್ರಶ್ನೆ ಬೇರೆ, ಅನಿಲ ಕೇಳುವ ಪ್ರಶ್ನೆ ಬೇರೆ. ಈ ಎರಡನ್ನೂ ಒಂದೇ ಎಂದು ಬಗೆಯುವುದೇ ಇಂತಹ ಸ್ಥಳಗಳಲ್ಲಿನ ಅಪಾಯದ ಬೇರು ಎಂಬುದು ನಮ್ಮ ಅಭಿಪ್ರಾಯ.

ಗೋಬರ್ ಅನಿಲದಲ್ಲಿ ನೂರಕ್ಕೆ ಸುಮಾರು 55ರಿಂದ 65 ಪಾಲು ಮಿಥೇನ್. ಮಿಕ್ಕುದರಲ್ಲಿ ಬಹುಪಾಲು ಇಂಗಾಲದ ಡೈ ಆಕ್ಸೈಡು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡು ಅಲ್ಪ ಪ್ರಮಾಣದಲ್ಲಿ. ಗಾಳಿಯಲ್ಲಿ ಮಿಥೇನು ನೂರಕ್ಕೆ 5ರಿಂದ 15ರವರೆಗೆ ಬೆರೆತಾಗ ಆ ಮಿಶ್ರಣ ಆಸ್ಫೋಟಿಸಬಲ್ಲುದು. ಅತ್ಯಂತ ಸುಲಭವಾಗಿ ಹೊತ್ತಿಕೊಳ್ಳುವ ಮಿಶ್ರಣಕ್ಕೆ ಬೇಕಾದ ಕಿಡಿಯ ಶಕ್ತಿ ಎಷ್ಟು? ಸುಮಾರು 0.28 ಮಿಲಿಜೂಲು. ಈ ಅಂಕಿ ಎಷ್ಟು ಚಿಕ್ಕದೆಂಬುದು ಮನಸ್ಸಿಗೆ ಹಿಡಿಯಬೇಕಾದರೆ, ಕೃಷ್ಣರಾಜನಗರದ ಗದ್ದೆಯ ಅಕ್ಕಿಯನ್ನು 1 ಗ್ರಾಂ ತೂಗಿ, 3 ಸೆಂಟಿಮೀಟರ್ ಎತ್ತರದಿಂದ ಮೇಜಿನ ಮೇಲೆ ಬೀಳಿಸಿರಿ. ಆಗ ಕೇಳುವ ಆ ಸಣ್ಣ ಸದ್ದಿನ ಹಿಂದಿರುವಷ್ಟೇ ಶಕ್ತಿ ಅದು.

ಇನ್ನು 12 ವೋಲ್ಟಿನ ಲೆಕ್ಕಕ್ಕೆ ಬರೋಣ. ಟೈಮರಿನ ಪುಟ್ಟ ಸ್ಪರ್ಶಕವು ನೇರವಾಗಿ ಮೋಟಾರನ್ನು ನಡೆಸುವುದಿಲ್ಲ. ರಿಲೇ ಒಂದರ ಸುರುಳಿಗೆ ವಿದ್ಯುತ್ತನ್ನು ಕೊಟ್ಟು ತೆಗೆಯುತ್ತದೆ. ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ಸುರುಳಿಗೆ ಸ್ವಪ್ರೇರಣೆಯುಂಟೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅದರಲ್ಲಿ ಅಡಗುವ ಶಕ್ತಿ ½LI² ಎಂಬ ಸೂತ್ರವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವರು. ಸುರುಳಿಯ ಸ್ವಪ್ರೇರಣೆ 1 ಹೆನ್ರಿ, ಅದರಲ್ಲಿ ಹರಿಯುವ ಪ್ರವಾಹ 50 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ಅಡಗಿದ ಶಕ್ತಿ 1.25 ಮಿಲಿಜೂಲು, ಮಿಥೇನಿಗೆ ಸಾಲುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು! ಸ್ಪರ್ಶಕ ಬಿಡಿಸಿಕೊಂಡ ಗಳಿಗೆಯಲ್ಲಿ ಈ ಶಕ್ತಿ ಎಲ್ಲಿಗೆ ಹೋಗಬೇಕು? ತುಸು ಪಾಲು ಕಬ್ಬಿಣದಲ್ಲಿಯೂ ತಂತಿಯಲ್ಲಿಯೂ ಶಾಖವಾಗಿ ಕಳೆಯುವುದೇನೋ ನಿಜ. ಮಿಕ್ಕುದು ಸ್ಪರ್ಶಕದ ತುದಿಗಳ ನಡುವೆ ಕ್ಷಣಕಾಲ ನೂರಾರು ವೋಲ್ಟುಗಳನ್ನೆಬ್ಬಿಸಿ ಕಿಡಿಯಾಗಿ ಹಾರುತ್ತದೆ. ಕೋಶ 12 ವೋಲ್ಟಿನದೇ. ಕಿಡಿ ಮಾತ್ರ 12 ವೋಲ್ಟಿನದಲ್ಲ.

ಈ ಪಾಠವನ್ನು ಜಗತ್ತು ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಸೆಂಗೆನಿದ್ ಎಂಬಲ್ಲಿನ ಕಲ್ಲಿದ್ದಲ ಗಣಿಯಲ್ಲಿ 1913ನೆಯ ಅಕ್ಟೋಬರ್ 14ರಂದು ಆದ ಆಸ್ಫೋಟದಲ್ಲಿ 439 ಮಂದಿ ಗಣಿಗಾರರೂ ಅವರನ್ನು ರಕ್ಷಿಸಲು ಇಳಿದವನೊಬ್ಬನೂ ಮಡಿದರು. ಆ ಕಾಲದ ಗಣಿಗಳ ಸುರಂಗಗಳಲ್ಲಿ ಎರಡು ಬರಿಯ ತಂತಿಗಳು ಉದ್ದಕ್ಕೂ ಹಾದುಹೋಗುತ್ತಿದ್ದವು. ಅವನ್ನು ಒಂದಕ್ಕೊಂದು ತಾಗಿಸಿದರೆ ದೂರದ ಎಂಜಿನ್ ಮನೆಯಲ್ಲಿ ಗಂಟೆ ಬಾರಿಸುತ್ತಿದ್ದಿತು. ಕೆಲವೇ ಕೋಶಗಳ ಬಲದ ಈ ಗಂಟೆಯನ್ನು ನಿರಪಾಯವೆಂದು ಎಲ್ಲರೂ ನಂಬಿದ್ದರು. ಸೆಂಗೆನಿದ್ದಿನ ಆಸ್ಫೋಟಕ್ಕೆ ಕಾರಣ ಇಂತಹುದೇ ಎಂಬುದು ಖಚಿತವಾಗಲಿಲ್ಲವಾದರೂ, ಸಂದೇಹಕ್ಕೆ ಒಳಗಾದವುಗಳಲ್ಲಿ ಗಂಟೆಯ ತಂತಿಯ ಕಿಡಿಯೂ ಒಂದು. ಅನಂತರ ವೀಲರ್, ಥಾರ್ನ್‌ಟನ್ ಎಂಬ ವಿಜ್ಞಾನಿಗಳು ಪ್ರಯೋಗ ಮಾಡಿ, ಕಿಡಿಯ ಅಪಾಯವನ್ನು ವೋಲ್ಟಿನಿಂದಷ್ಟೇ ಅಳೆಯಲಾಗದು, ಗಂಟೆಯ ಸುರುಳಿಯ ಸ್ವಪ್ರೇರಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ತೋರಿಸಿದರು. ಗಂಟೆಯ ಸುರುಳಿಗೂ ಟೈಮರಿನ ರಿಲೇ ಸುರುಳಿಗೂ ವಂಶ ಒಂದೇ. ನೂರು ವರ್ಷಗಳ ಹಿಂದಿನ ಆ ತಪ್ಪು ನಂಬಿಕೆ ಕಾಕನಕೋಟೆಯ ಅಂಚಿನ ತಗಡಿನ ಕೋಣೆಯಲ್ಲಿ ಇನ್ನೂ ಜೀವಂತವಾಗಿದ್ದುದನ್ನು ಕಂಡು ನಮಗೆ ಒಂದಿಷ್ಟು ನಾಚಿಕೆಯೂ ಆಯಿತು; ಸೂತ್ರವನ್ನು ಕಲಿಸಿದವರು ನಾವೇ ತಾನೆ?

ಟೈಮರಿಗೆ ಉಳಿದ ಉಪಕರಣಗಳಿಗಿಲ್ಲದ ಎರಡು ದುರ್ಗುಣಗಳುಂಟು. ಮೊದಲನೆಯದು, ಅದು ಕಿಡಿ ಹಾರಿಸಲು ಆರಿಸಿಕೊಳ್ಳುವ ಹೊತ್ತು. ಬಗ್ಗಡವನ್ನು ಕಲಕಿದಾಗ ಅದರಲ್ಲಿ ಸಿಕ್ಕಿಕೊಂಡ ಗುಳ್ಳೆಗಳು ಬಿಡುಗಡೆ ಹೊಂದಿ ಮೇಲೇಳುತ್ತವೆ. ಸೋರುವ ಅನಿಲ ಇದ್ದರೆ ಆಗಲೇ ಹೆಚ್ಚು. ಕಲಕುವುದು ಮುಗಿದ ಕ್ಷಣದಲ್ಲಿಯೇ ಟೈಮರಿನ ಸ್ಪರ್ಶಕ ಬಿಡಿಸಿಕೊಳ್ಳುತ್ತದೆ. ಹಗಲಾಗಲಿ ಇರುಳಾಗಲಿ, ಯಾರಿರಲಿ ಇಲ್ಲದಿರಲಿ, ದಿನಕ್ಕೆ ಆರು ಬಾರಿ ಇದು ತಪ್ಪದು. ಕೈಯಿಂದ ಸ್ವಿಚ್ಚು ಹಾಕುವವನಿಗೆ ಮೂಗಿದೆ, ವಾಸನೆ ಬಂದರೆ ಹಿಂಜರಿಯುತ್ತಾನೆ. ಗಡಿಯಾರಕ್ಕೆ ಮೂಗಿಲ್ಲ.

ಎರಡನೆಯದು, ಅದನ್ನು ಪದೇ ಪದೇ ತೆರೆಯಬೇಕಾಗುವುದು. ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋಗುವುದೂ ಬರುವುದೂ ವಿಶೇಷವೇನಲ್ಲ. ಒಳಗೆ ಬ್ಯಾಟರಿಯಿಲ್ಲದ ಅಗ್ಗದ ಟೈಮರು ಕರೆಂಟು ಹೋದಷ್ಟು ಹೊತ್ತೂ ನಿಂತು, ಅಷ್ಟೇ ಹಿಂದೆ ಬೀಳುತ್ತದೆ. ಮುಚ್ಚಳ ತೆಗೆದು ಮುಳ್ಳು ತಿರುಗಿಸಬೇಕು. ಈ ಮಾತು ಏಕೆ ಮುಖ್ಯವೆಂಬುದು ಮುಂದೆ ತಿಳಿಯುವುದು.

ಅಪಾಯದ ಸ್ಥಳಗಳಿಗೆಂದೇ 'ಜ್ವಾಲಾರೋಧಕ' ಪೆಟ್ಟಿಗೆಗಳು ಮಾರಾಟಕ್ಕಿವೆ. ಇವು ಅನಿಲವನ್ನು ಒಳಗೆ ಬಿಡುವುದಿಲ್ಲವೆಂದು ಬಹುಮಂದಿ ತಿಳಿದಿರುವರು. ಅದು ಸರಿಯಲ್ಲ. ಅನಿಲ ಒಳಗೆ ಹೋಗಿಯೇ ಹೋಗುತ್ತದೆಂದು ಒಪ್ಪಿಕೊಂಡೇ ಪೆಟ್ಟಿಗೆಯನ್ನು ರಚಿಸಿರುತ್ತಾರೆ. ಒಳಗೆ ಆಸ್ಫೋಟವಾದರೆ ದಪ್ಪ ಎರಕದ ಗೋಡೆ ಅದರ ಒತ್ತಡವನ್ನು ತಡೆದುಕೊಳ್ಳಬೇಕು. ಮುಚ್ಚಳದ ಅಗಲವಾದ ಅಂಚುಗಳ ನಡುವಿನ, ಒಂದು ಮಿಲಿಮೀಟರಿಗಿಂತ ಕಿರಿದಾದ ಸಂದಿನಲ್ಲಿ ಹಾದು ಬರುವಷ್ಟರಲ್ಲಿ ಬಿಸಿ ಅನಿಲ ಹೊರಗಿನದನ್ನು ಹೊತ್ತಿಸಲಾರದಷ್ಟು ತಣಿಯಬೇಕು. ಹಂಫ್ರಿ ಡೇವಿ 1815ರಲ್ಲಿ ತನ್ನ ಗಣಿದೀಪಕ್ಕೆ ತಂತಿಯ ಬಲೆ ಹೊದಿಸಿದಾಗ ಅನುಸರಿಸಿದ ತತ್ತ್ವವೂ ಜ್ವಾಲೆಯನ್ನು ತಣಿಸುವುದೇ. ಆದುದರಿಂದ ಪೆಟ್ಟಿಗೆಗೆ ಮನಬಂದಲ್ಲಿ ತೂತು ಕೊರೆಯುವುದು, ಅಂಚನ್ನು ಅರದಿಂದ ಉಜ್ಜುವುದು, ಎಂಟು ಬೋಲ್ಟುಗಳಲ್ಲಿ ನಾಲ್ಕನ್ನಷ್ಟೇ ಬಿಗಿಯುವುದು ಇವೆಲ್ಲ ಅದನ್ನು ಬರಿಯ ಕಬ್ಬಿಣದ ಡಬ್ಬಿಯಾಗಿಸುತ್ತವೆ. ವಿದ್ಯುತ್ತಿರುವಾಗ ತೆರೆದರಂತೂ ಅದು ಡಬ್ಬಿಯೂ ಅಲ್ಲ. ವಾರಕ್ಕೆ ಎರಡು ಬಾರಿ ಮುಳ್ಳು ತಿರುಗಿಸಬೇಕಾದ ಗಡಿಯಾರವನ್ನು ತೆರೆಯಬಾರದ ಪೆಟ್ಟಿಗೆಯಲ್ಲಿಡುವುದು ಎಂತಹ ಏರ್ಪಾಡು ಎಂಬುದನ್ನು ವಾಚಕರೇ ಯೋಚಿಸಲಿ.

ಇದಕ್ಕಿಂತ ಹೆಚ್ಚು ಮೋಸಗೊಳಿಸುವುದು ನೀರು ಧೂಳು ಹೋಗದ ಪ್ಲಾಸ್ಟಿಕ್ ಪೆಟ್ಟಿಗೆ. ರಬ್ಬರಿನ ಪಟ್ಟಿ, ಗಾಜಿನಂತಹ ಮುಚ್ಚಳ, ನೋಡಲು ಭದ್ರ. ಮಳೆಗೆ ಅದು ಉತ್ತಮ. ಆಸ್ಫೋಟಕ್ಕೆ ಅದು ಏನೂ ಅಲ್ಲ. ನಾವು ಕಂಡ ಟೈಮರು ಇಂತಹುದರಲ್ಲಿಯೇ ಇದ್ದಿತು.

ಹಾಗಾದರೆ ಮಾಡಬೇಕಾದುದೇನು? ಅಪಾಯದ ಸ್ಥಳಗಳನ್ನು ಭಾರತೀಯ ಮಾನಕ 5572 ಮೂರು ವಲಯಗಳಾಗಿ ವಿಂಗಡಿಸುತ್ತದೆ: ಅನಿಲ ಮಿಶ್ರಣ ಸದಾ ಇರುವೆಡೆ ಸೊನ್ನೆ, ಎಂದಿನ ಕೆಲಸದಲ್ಲಿ ಆಗಾಗ ಬರಬಹುದಾದೆಡೆ ಒಂದು, ಅಪರೂಪಕ್ಕೆ ಸ್ವಲ್ಪ ಹೊತ್ತು ಬರಬಹುದಾದೆಡೆ ಎರಡು. ವಿದ್ಯಾರ್ಥಿಗಳು ಇವುಗಳನ್ನು ಓದುವಾಗ ಮೊದಲು ಕೇಳಬೇಕಾದುದು 'ಈ ವಲಯಕ್ಕೆ ಯಾವ ಪೆಟ್ಟಿಗೆ' ಎಂದಲ್ಲ, 'ಈ ಉಪಕರಣ ಈ ವಲಯದಲ್ಲಿ ಇರಲೇಬೇಕೆ' ಎಂದು. ಶಾಖವನ್ನು ಅಳೆಯುವ ಉಪಕರಣ ಶಾಖವಿರುವಲ್ಲಿ ಇರಬೇಕು. ಒತ್ತಡವನ್ನು ಅಳೆಯುವುದು ಒತ್ತಡವಿರುವಲ್ಲಿ. ಕಾಲವಾದರೋ ಕೊಟ್ಟಿಗೆಯಲ್ಲಿಯೂ ಪಡಸಾಲೆಯಲ್ಲಿಯೂ ಒಂದೇ! ಗಡಿಯಾರವನ್ನೂ ರಿಲೇಯನ್ನೂ ಹೊರಗಿಟ್ಟು ಮೋಟಾರಿಗೆ ತಂತಿಯನ್ನಷ್ಟೇ ಒಯ್ದರೆ, ಹಲವು ಸಾವಿರ ರೂಪಾಯಿಯ ಪೆಟ್ಟಿಗೆಯ ಕೆಲಸವನ್ನು ಕೆಲವು ಮೀಟರ್ ತಂತಿ ಮಾಡುತ್ತದೆ. ಮೋಟಾರು ಒಳಗಿರಲೇಬೇಕಾದರೆ ಅದು ಮಾತ್ರ ಆ ವಲಯಕ್ಕೆ ಒಪ್ಪಿದ ಜಾತಿಯದಾಗಿರಲಿ. ಅಳೆಯುವ ಯಾವುದಾದರೂ ಸಣ್ಣ ಉಪಕರಣ ಒಳಗೇ ಬೇಕಾದರೆ, ತಂತಿ ತುಂಡಾದರೂ ಒಂದಕ್ಕೊಂದು ತಾಗಿದರೂ ಹೊತ್ತಿಸುವಷ್ಟು ಶಕ್ತಿಯೇ ಒದಗದಂತೆ ಹೊರಗಿನಿಂದಲೇ ಮಿತಿಗೊಳಿಸಿದ ಮಂಡಲಗಳುಂಟು. ವೀಲರ್, ಥಾರ್ನ್‌ಟನ್ನರ ಪ್ರಯೋಗಗಳಿಂದ ಬೆಳೆದು ಬಂದ ವಿಧಾನವೇ ಅದು.

ಹೊರಗೆ ಎಂದರೆ ಎಲ್ಲಿ? ಇಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ಮಿಥೇನು ಗಾಳಿಯ ಅರ್ಧದಷ್ಟೇ ಭಾರವಾದುದರಿಂದ ಮೇಲಕ್ಕೆ ಹಾರಿಹೋಗುವುದೆಂದು ಪುಸ್ತಕದಲ್ಲಿ ಓದಿರುತ್ತೇವೆ. ಆದರೆ ಗೋಬರ್ ಅನಿಲದಲ್ಲಿ ಭಾರವಾದ ಇಂಗಾಲದ ಡೈ ಆಕ್ಸೈಡು ಬೆರೆತಿದೆ. ಮಿಥೇನು 60, ಅದು 40 ಪಾಲಾದರೆ ಮಿಶ್ರಣದ ಸಾಂದ್ರತೆ ಗಾಳಿಯದರ 0.94ರಷ್ಟು ಆಗುತ್ತದೆ. ಅದು ಬೇಗ ಏರದು. ಮುಚ್ಚಿದ ಕೋಣೆಯಲ್ಲಿ ತಂಗಿ ನಿಲ್ಲುತ್ತದೆ. ಅಡುಗೆ ಸಿಲಿಂಡರಿನ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಚರಂಡಿಗೂ ಹಳ್ಳಕ್ಕೂ ಇಳಿಯುತ್ತದೆ. ಇನ್‌ವರ್ಟರಿನ ಬ್ಯಾಟರಿ ತುಂಬುವಾಗ ಹೊರಡುವ ಜಲಜನಕ ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ, ತಾರಸಿಗೆ ಅಡರುತ್ತದೆ. ಅದನ್ನು ಹೊತ್ತಿಸಲು ಮಿಥೇನಿಗೆ ಬೇಕಾದ ಶಕ್ತಿಯ ಹತ್ತರಲ್ಲೊಂದು ಪಾಲೂ ಬೇಡ. ಯಾವ ಅನಿಲವೆಂಬುದನ್ನು ಅರಿಯದೆ ಹಲಗೆಯನ್ನು ಎಷ್ಟು ಎತ್ತರಕ್ಕೆ ಹೊಡೆಯಬೇಕೆಂದು ಹೇಳುವುದು ಹೇಗೆ?

ತಂತಿ ಹೋಗುವ ಕೊಳವೆಯ ಬಾಯಿಯನ್ನು ಮುಚ್ಚುವುದನ್ನೂ ಮರೆಯಬಾರದು. ಮುಚ್ಚದಿದ್ದರೆ ಅನಿಲವು ಕೊಳವೆಯೊಳಗೇ ನಡೆದು, ಹೊರಗಿಟ್ಟ ಟೈಮರಿನ ಪೆಟ್ಟಿಗೆಯನ್ನೇ ಸೇರಬಹುದು. ಸ್ಪರ್ಶಕಗಳಿಗೆ ಬಳಿದ ಬೆಳ್ಳಿಯನ್ನೂ ತಂತಿಯ ತಾಮ್ರವನ್ನೂ ಹೈಡ್ರೊಜನ್ ಸಲ್ಫೈಡು ಕಪ್ಪಾಗಿಸುತ್ತದೆ. ಕಪ್ಪಾದ ಸ್ಪರ್ಶಕದ ರೋಧ ಹೆಚ್ಚಿ ಅದು ಬಿಸಿಯಾಗುತ್ತದೆ. ಸ್ಥಾವರದ ಬಳಿಯ ಟೈಮರುಗಳು ಬೇಗ ಕೆಡುವುದಕ್ಕೂ ಇದೊಂದು ಕಾರಣ. ಜೀವಭಯಕ್ಕಲ್ಲದಿದ್ದರೂ ಖರ್ಚಿನ ಭಯಕ್ಕಾದರೂ ಅದನ್ನು ಹೊರಗಿಡಬಹುದು.

ಇಷ್ಟು ಬರೆದ ಮೇಲೆ ನಮಗೊಂದು ಅಳುಕು. ಇದನ್ನೋದಿ ಗೋಬರ್ ಅನಿಲವೇ ಬೇಡವೆಂದು ಯಾರಾದರೂ ಬಗೆದಾರು. ಹಾಗಾಗಬಾರದು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬ್ಯಾರನ್ನುಗಳು ಈಗಾಗಲೇ ಅಪಾರ ಸೌದೆಯನ್ನು ನುಂಗುತ್ತಿವೆ. ಅದರ ಮೇಲೆ ಮನೆಯ ಒಲೆಗಳೂ ಕಾಡಿನ ಕಡೆಗೆ ತಿರುಗಿದರೆ ಕಾಕನಕೋಟೆಯ ಕಾಡಿಗೆ ಉಳಿವೆಲ್ಲಿ? ಬಯಲಿನಲ್ಲಿ, ವಿದ್ಯುತ್ತಿನ ಸಂಪರ್ಕವೇ ಇಲ್ಲದೆ ನಡೆಯುವ ಮನೆಯ ಚಿಕ್ಕ ಸ್ಥಾವರಕ್ಕೆ ನಾವು ಹೇಳಿದ ಬಾಧೆಯಿಲ್ಲ. ಅದಕ್ಕೆ ಕೋಣೆ ಕಟ್ಟಿ, ಕೋಣೆಯೊಳಗೆ ಯಂತ್ರವಿಟ್ಟು, ಯಂತ್ರಕ್ಕೆ ಗಡಿಯಾರ ತೊಡಿಸಿದಾಗ ಬಾಧೆ ಹುಟ್ಟುತ್ತದೆ. ಸ್ಥಾವರಕ್ಕೆ ಸಹಾಯಧನ ಕೊಡುವ ಯೋಜನೆಗಳು ಗುಂಡಿಯ ಅಳತೆಯನ್ನು ಪರೀಕ್ಷಿಸುವಂತೆಯೇ ಸ್ವಿಚ್ಚಿನ ಹಲಗೆ ಎಲ್ಲಿದೆಯೆಂಬುದನ್ನೂ ಪರೀಕ್ಷಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಪೆಟ್ಟಿಗೆಗಳ ಮೇಲಿನ 'ವಿದ್ಯುತ್ತಿರುವಾಗ ತೆರೆಯಬೇಡಿ' ಎಂಬ ಸೂಚನೆ ಕನ್ನಡದಲ್ಲಿರಬೇಕು. ನಾವು ನೋಡಿದ ಒಂದರಲ್ಲಿಯೂ ಅದು ಕನ್ನಡದಲ್ಲಿರಲಿಲ್ಲ. ಮುಚ್ಚಳ ತೆರೆಯುವ ಕೈ ಓದಬಲ್ಲ ಭಾಷೆಯಲ್ಲಿಲ್ಲದ ಎಚ್ಚರಿಕೆಯಿಂದ ಯಾರಿಗೇನು ಪ್ರಯೋಜನ?

ನಾವು ಮತ್ತೆ ಆ ಗ್ರಾಮಕ್ಕೆ ಹೋದಾಗ ಟೈಮರು ಕೊಟ್ಟಿಗೆಯ ಆಚೆ ಬದಿಯ ಗೋಡೆಗೆ ಬಂದಿದ್ದಿತು. ತಗಡಿನ ಕೋಣೆಯ ಎರಡು ಪಕ್ಕಗಳನ್ನು ಬಿಚ್ಚಿ ಗಾಳಿಗೆ ದಾರಿ ಮಾಡಿದ್ದರು. ಹಿಂದಿನ ದಿನ ಕರೆಂಟು ಹೋಗಿ ಗಡಿಯಾರ ಮೂರು ಗಂಟೆ ಹಿಂದೆ ಬಿದ್ದಿದ್ದಿತು. ಯಜಮಾನರ ಮಗಳು, ಪಿ.ಯು. ತರಗತಿಯವಳು, ಅಂಗಳದಲ್ಲಿ ನಿಂತು ಮುಳ್ಳನ್ನು ಸರಿಪಡಿಸುತ್ತಿದ್ದಳು. "½LI² ನಮಗೂ ಇದೆ ಸಾರ್, ಆದರೆ ಸಗಣಿ ಗುಂಡಿಗೆ ಅದು ಬರುತ್ತೆ ಅಂತ ಯಾರೂ ಹೇಳಿರಲಿಲ್ಲ" ಎಂದಳು.